ಓದುತ್ತಿರುವವರು ಯಾರು?

ಫೆಬ್ರವರಿ 13 ವಿಶ್ವ ರೇಡಿಯೋ ದಿನ. 1946ರಲ್ಲಿ ಇದೇ ದಿನ ವಿಶ್ವಸಂಸ್ಥೆಯ ರೇಡಿಯೋ ಶುರುವಾಗಿತ್ತು. ಅದರ ನೆನಪಿಗೆ ಯುನೆಸ್ಕೋ 2011ರಲ್ಲಿ ಈ ದಿನವನ್ನು ಗೊತ್ತು ಮಾಡಿತು. ಟಿವಿಯಲ್ಲಿ ಕೂತು ರೇಡಿಯೋ ಗುಣಗಾನ ಯಾಕೆ ಅಂತ ನೀವು ಕೇಳಬಹುದು. ಕಾರಣ ಇದೆ. ಸುದ್ದಿ ಓದೋದನ್ನು ನಾನು ಕ್ಯಾಮೆರಾ ಮುಂದೆ ಕಲಿತವನಲ್ಲ. ಧಾರವಾಡದಲ್ಲಿ ಪತ್ರಿಕೋದ್ಯಮ ಓದುವಾಗ, ವಾರಕ್ಕೊಮ್ಮೆ ಐದೇ ಐದು ನಿಮಿಷದ ಒಂದು ವಾರ್ತೆಯನ್ನು ಮಾಡುತ್ತಾ ಕಲಿತವನು. ಇವತ್ತು ಆ ಐದು ನಿಮಿಷದ ಬಗ್ಗೆ ಮಾತಾಡ್ತೀನಿ. ಅಂಥ ಐದು ನಿಮಿಷವನ್ನು ಈ ದೇಶದ ಕಾನೂನು ಇವತ್ತಿಗೂ ಯಾಕೆ ಬಿಡುತ್ತಿಲ್ಲ ಅನ್ನುವುದರ ಬಗ್ಗೆಯೂ ಮಾತಾಡ್ತೀನಿ.

ಮೊದಲು ಸ್ವಲ್ಪ ಹಿನ್ನೆಲೆ. ಧಾರವಾಡಕ್ಕೆ ರೇಡಿಯೋ ಬಂದದ್ದು 1950ರ ಜನವರಿ 8ರಂದು. ಗಣರಾಜ್ಯಕ್ಕಿಂತ ಹದಿನೆಂಟು ದಿನ ದೊಡ್ಡದು ನಮ್ಮ ಆಕಾಶವಾಣಿ! ಆಗ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು, ಕರ್ನಾಟಕ ಏಕೀಕರಣಕ್ಕೆ ಇನ್ನೂ ಆರು ವರ್ಷ ಬಾಕಿ. ನಕಾಶೆಯಲ್ಲಿ ಒಂದಾಗುವ ಮೊದಲೇ ಈ ಭಾಗದ ಕನ್ನಡಿಗರು ಕಿವಿಯಲ್ಲಿ ಒಂದಾದರು. ಬೇಂದ್ರೆಯವರು ಅಲ್ಲಿ ಸಲಹೆಗಾರರಾಗಿದ್ದರು. ಮಲ್ಲಿಕಾರ್ಜುನ ಮನ್ಸೂರರು ಸಂಗೀತದ ಸಲಹೆಗಾರರಾಗಿದ್ದರು. ಅಂಥವರು ಓಡಾಡಿದ ಜಾಗ ಅದು. ಇನ್ನೂ ಹಿಂದಕ್ಕೆ ಹೋದರೆ, 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಪುಟ್ಟ ಪ್ರೇಷಕ ಇಟ್ಟುಕೊಂಡು ಬಾನುಲಿ ಶುರು ಮಾಡಿದ್ದರು. 'ಆಕಾಶವಾಣಿ' ಅನ್ನುವ ಹೆಸರು ಮೊದಲು ಅಂಟಿದ್ದು ಆ ಬಾನುಲಿಗೆ. ಅಂದರೆ ಕನ್ನಡದ ರೇಡಿಯೋ ಹುಟ್ಟಿದ್ದು ಸರ್ಕಾರದ ಕಚೇರಿಯಲ್ಲಲ್ಲ, ಒಬ್ಬ ಮೇಷ್ಟರ ಮನೆಯಲ್ಲಿ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ನಮ್ಮ ಕಾಲಕ್ಕೆ ಬರೋಣ. ತೊಂಬತ್ತರ ದಶಕದ ಕೊನೆ. ಆಗ ಸಮುದಾಯ ಬಾನುಲಿ ಅನ್ನುವ ಮಾತೇ ನಮ್ಮ ಕಡೆ ಇರಲಿಲ್ಲ. ನಮ್ಮ ಹತ್ತಿರ ಪ್ರೇಷಕ ಇಲ್ಲ, ತರಂಗಾಂತರ ಇಲ್ಲ, ಲೈಸೆನ್ಸ್ ಇಲ್ಲ. ಇದ್ದದ್ದು ಒಂದು ಟೂ-ಇನ್-ವನ್ ಟೇಪ್ ರೆಕಾರ್ಡರ್, ಒಂದಿಷ್ಟು ಕ್ಯಾಸೆಟ್ಟು, ಹತ್ತು-ಹನ್ನೆರಡು ಜನ ಹುಡುಗ ಹುಡುಗಿಯರು. ಸ್ಟುಡಿಯೋ ಅಂದರೆ ಒಂದು ಬಾಡಿಗೆ ಖೋಲಿ. ಮಾತು ಗೋಡೆಗೆ ಬಡಿದು ಮೊಳಗುತ್ತದೆ ಅಂತ ನಾಲ್ಕೂ ಕಡೆ ಕೌದಿ ತೂಗು ಹಾಕುತ್ತಿದ್ದೆವು. ಅವರವರ ಅಜ್ಜಿ ಹೊಲಿದುಕೊಟ್ಟ ಕೌದಿಗಳು. ಮಂಗಳವಾರ ರಾತ್ರಿ ಧ್ವನಿಮುದ್ರಣ. ಬುಧವಾರ ಮಧ್ಯಾಹ್ನ ನಾವು ಊಟ ಮಾಡುತ್ತಿದ್ದ ಖಾನಾವಳಿಯಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕದ ಗೂಡಿನಲ್ಲಿ ಟೇಪ್ ರೆಕಾರ್ಡರ್ ಇಟ್ಟು ಗುಂಡಿ ಒತ್ತುವುದು. ಅಷ್ಟೇ ನಮ್ಮ ಪ್ರಸಾರ. ರೊಟ್ಟಿ ಮುರಿಯುತ್ತಾ ಕೇಳುವವರು ಒಂದು ಪಂಕ್ತಿಗೆ ಮೂವತ್ತು ಜನ.

ನಗಬೇಡಿ. ಆ ಮೂವತ್ತು ಜನರ ಮುಂದೆ ಸುದ್ದಿ ಹೇಳುವುದು ಎಷ್ಟು ಕಷ್ಟ ಅಂತ ಕೇಳಿ.

ಮೊದಲ ಕಷ್ಟ ಭಾಷೆಯದು. ನಾವೆಲ್ಲ ಹುಬ್ಬಳ್ಳಿಯ ಪತ್ರಿಕೆಗಳನ್ನು ಓದಿ ಬೆಳೆದವರು. ಪತ್ರಿಕೆಯ ವಾಕ್ಯ ಹೇಗಿರುತ್ತೆ? ಏನೇನೋ ಆಗಿದೆ, ಆಗಬೇಕು, ಆಗದಿದ್ದರೆ ಹೋರಾಟ ಅನಿವಾರ್ಯ ಅಂತೆಲ್ಲ ಮೂವತ್ತು ಪದ ಹೋಗಿ, ಕಡೆಗೆ 'ಎಂದು ಇಂಥವರು ಹೇಳಿದರು' ಅಂತ ಮುಗಿಯುತ್ತೆ. ಓದುವವನಿಗೆ ತೊಂದರೆ ಇಲ್ಲ, ಕಣ್ಣು ಹಿಂದಕ್ಕೆ ಹೋಗಿ ಬರುತ್ತೆ. ಕೇಳುವವನ ಕಿವಿ ಹಿಂದಕ್ಕೆ ಹೋಗೋದಿಲ್ಲ. ಕನ್ನಡದಲ್ಲಿ ಕ್ರಿಯಾಪದ ಬರೋದೇ ಕೊನೆಗೆ. ಹಾಗಾಗಿ ವಾಕ್ಯ ಉದ್ದ ಆದಷ್ಟೂ ಕೇಳುಗ ಹಗ್ಗದ ತುದಿ ಹಿಡಿದು ಕಾಯುತ್ತಾ ಇರಬೇಕು. ಅದಕ್ಕೇ ನಮ್ಮ ಸರ್ ಒಂದು ನಿಯಮ ಮಾಡಿದ್ದರು: ಯಾರು ಹೇಳಿದರು ಅನ್ನೋದು ಮೊದಲು ಬರಲಿ, ಏನು ಹೇಳಿದರು ಅನ್ನೋದು ಆಮೇಲೆ. ಒಂದು ವಾಕ್ಯಕ್ಕೆ ಒಂದೇ ಸಂಗತಿ. 'ಮೇಲ್ಕಂಡ', 'ಕೆಳಗಿನಂತೆ' ಅನ್ನೋ ಪದಗಳಿಗೆ ರೇಡಿಯೋದಲ್ಲಿ ಜಾಗ ಇಲ್ಲ. ಅಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. ಉದ್ದದ ಅಂಕಿ ಇದ್ದರೆ 'ಸುಮಾರು ಇಷ್ಟು ಸಾವಿರ' ಅನ್ನಿ, ಆದರೆ ರೇಷನ್ನು, ಬಸ್ಸಿನ ಹೊತ್ತು, ಪರೀಕ್ಷೆ ತಾರೀಖು ಇವುಗಳಲ್ಲಿ ಸುಮಾರು ಅನ್ನೋದು ಕೂಡದು.

ನಿಮಿಷಕ್ಕೆ ಸುಮಾರು ನೂರು ಪದ ಓದಬಹುದು ಅಂತ ಗಡಿಯಾರ ಹಿಡಿದು ಲೆಕ್ಕ ಹಾಕಿದ್ದೆವು. ಅಂದರೆ ಐದು ನಿಮಿಷಕ್ಕೆ ಐನೂರು ಪದ. ಅದರಲ್ಲಿ ಮುಖ್ಯಾಂಶ, ಎಂಟು ಸುದ್ದಿ, ಮತ್ತೊಮ್ಮೆ ಮುಖ್ಯಾಂಶ. ಇಷ್ಟು ಸಣ್ಣ ಚೀಲದಲ್ಲಿ ಯಾವ ಊರನ್ನು ತುಂಬೋದು? ಹುಬ್ಬಳ್ಳಿ-ಧಾರವಾಡ 1962ರಿಂದ ಒಂದೇ ಮಹಾನಗರ ಪಾಲಿಕೆ, ಆದರೆ ನಡುವೆ ಇಪ್ಪತ್ತು ಕಿಲೋಮೀಟರ್ ರಸ್ತೆ. ದುರ್ಗದ ಬೈಲಿನಲ್ಲಿ ರಸ್ತೆ ಅಗೆದರೆ ಸಾಧನಕೇರಿಯವರಿಗೆ ಏನಾಗಬೇಕು? ಅಮರಗೋಳದ ಎಪಿಎಂಸಿಯಲ್ಲಿ ಹೆಸರುಕಾಳಿನ ಧಾರಣೆ ಏರಿದರೆ ಹಾಸ್ಟೆಲ್ ಹುಡುಗನಿಗೆ ಏನು? ಆದರೆ ಅದೇ ಖಾನಾವಳಿಯಲ್ಲಿ ಕೋರ್ಟಿಗೆ ಬಂದ ನವಲಗುಂದದ ರೈತನೂ ಊಟಕ್ಕೆ ಕೂತಿರುತ್ತಿದ್ದ. ಅವನಿಗೆ ಬೇಕಾದ ಸುದ್ದಿ ಅದೊಂದೇ! 'ಸ್ಥಳೀಯ' ಅಂದರೆ ಜಾಗದ ಹೆಸರಲ್ಲ, ಕೇಳುವವನ ಅಗತ್ಯ ಅಂತ ಅಲ್ಲಿ ಗೊತ್ತಾಯಿತು.

ಎರಡನೆಯ ಕಷ್ಟ ಇದಕ್ಕಿಂತ ದೊಡ್ಡದು. ನಮ್ಮ ಸರ್ ಪ್ರತಿ ಸುದ್ದಿಗೂ ಎರಡೇ ಪ್ರಶ್ನೆ ಕೇಳುತ್ತಿದ್ದರು. "ಯಾರು ಹೇಳಿದ್ರು? ಅವರಿಗೆ ಹ್ಯಾಂಗ ಗೊತ್ತಾತು?" ಮೊದಲನೆಯದಕ್ಕೆ ಎಲ್ಲರ ಹತ್ತಿರ ಉತ್ತರ ಇರುತ್ತೆ. ಎರಡನೆಯದಕ್ಕೆ ಅರ್ಧ ಸುದ್ದಿಗಳು ಅಲ್ಲೇ ಬಿದ್ದು ಹೋಗುತ್ತವೆ.

ಒಂದು ಉದಾಹರಣೆ ಕೊಡ್ತೀನಿ. ಅವಳಿನಗರದಲ್ಲಿ ಎಲ್ಲಕ್ಕಿಂತ ದೊಡ್ಡ ಸುದ್ದಿ ಯಾವುದು? ನೀರು. ವಾರಕ್ಕೋ ಎಂಟು ದಿನಕ್ಕೋ ಒಮ್ಮೆ ನಲ್ಲಿ ಬರುವ ಊರಿನಲ್ಲಿ, ಮದುವೆ ಮುಹೂರ್ತವನ್ನೂ ನಲ್ಲಿಯ ದಿನ ನೋಡಿ ಇಡುತ್ತಿದ್ದ ಕಾಲ ಅದು. ಒಂದು ವಾರ, ಶುಕ್ರವಾರ ನೀರು ಬಿಡ್ತಾರೆ ಅಂತ ಕಚೇರಿಯಿಂದ ತಿಳಿದುಬಂತು. ಯಾರು ಹೇಳಿದ್ರು? ಕಚೇರಿಯವರು. ಅವರಿಗೆ ಹೇಗೆ ಗೊತ್ತು? ಪಟ್ಟಿಯಲ್ಲಿ ಹಾಗಿದೆ. ಸರ್ ಒಪ್ಪಲಿಲ್ಲ. "ಪಟ್ಟಿ ನೀರು ಬಿಡಂಗಿಲ್ಲ, ಮನಷ್ಯಾ ಬಿಡ್ತಾನ. ಅವನ್ನ ಕೇಳ್ಕೊಂಡ ಬರ್ರಿ" ಅಂದರು. ನಾವಿಬ್ಬರು ಸೈಕಲ್ ಹತ್ತಿ ವಾಲ್ವ್ ತಿರುಗಿಸುವವರನ್ನು ಹುಡುಕಿಕೊಂಡು ಹೋದೆವು. ಅವರು ನಕ್ಕರು. "ಬರೇ ವಾಲ್ವ್ ತಿರುವಿದ್ರ ನೀರ ಬರತೈತೇನ್ರಿ? ಟಾಕಿ ತುಂಬಬೇಕಲ್ಲ. ಅರ್ಧಾನೂ ತುಂಬಿಲ್ಲ. ಶನಿವಾರ ಮುಂಜಾನಿಗಿಂತ ಮೊದಲ ಬರಂಗಿಲ್ಲ ನೋಡ್ರಿ." ಟಾಕಿಯ ಹೊರಗಿನ ಅಳತೆಪಟ್ಟಿಯನ್ನು ನಾವೇ ಕಣ್ಣಾರೆ ನೋಡಿಕೊಂಡು ಬಂದೆವು.

ವಾರ್ತೆಯಲ್ಲಿ ಏನು ಓದಿದೆವು ಗೊತ್ತಾ? "ಶುಕ್ರವಾರ ನೀರು ಬಿಡುವುದಾಗಿ ಕಚೇರಿ ತಿಳಿಸಿದೆ. ಮಂಗಳವಾರ ಸಂಜೆ ಐದು ಗಂಟೆಗೆ ಟಾಕಿ ಅರ್ಧಕ್ಕಿಂತ ಕಡಿಮೆ ತುಂಬಿತ್ತು. ಶನಿವಾರ ಬೆಳಿಗ್ಗೆಗೆ ಮುನ್ನ ನೀರು ಬರುವುದು ಕಷ್ಟ ಎಂದು ನೀರು ಬಿಡುವ ಸಿಬ್ಬಂದಿ ಹೇಳಿದ್ದಾರೆ." ಮೂರೇ ವಾಕ್ಯ. ಯಾರನ್ನೂ ಬೈದಿಲ್ಲ. 'ಜನರ ಆಕ್ರೋಶ' ಇಲ್ಲ, 'ಭಾರೀ ಎಡವಟ್ಟು' ಇಲ್ಲ. ಆದರೆ ಅದನ್ನು ಕೇಳಿದ ಖಾನಾವಳಿಯ ಅಕ್ಕಾ ಕೈಯಲ್ಲಿದ್ದ ಸಾರಿನ ಸೌಟು ಹಿಡಿದೇ ಹೊರಗೆ ಬಂದರು. "ಶನಿವಾರ ಖರೇನ ಏನಪಾ? ಹಂಗಾದ್ರ ನಾ ಒಂದ್ ಬ್ಯಾರಲ್ ಹೆಚ್ಚಿಗಿ ಹಿಡಿದಿಡಬೇಕು. ಇಲ್ಲಂದ್ರ ಶುಕ್ರವಾರ ನಿಮಗ್ಯಾರಿಗೂ ಊಟಿಲ್ಲ." ಶುಕ್ರವಾರ ನಲ್ಲಿ ಸದ್ದು ಮಾಡಲಿಲ್ಲ. ಖಾನಾವಳಿಯ ಒಲೆ ಮಾತ್ರ ಉರಿಯಿತು. ಶನಿವಾರ ನಸುಕಿಗೆ ನೀರು ಬಂತು.

ಇಷ್ಟು ವರ್ಷ ಈ ವೃತ್ತಿಯಲ್ಲಿ ಇದ್ದೀನಿ. ಚುನಾವಣೆ ನೋಡಿದ್ದೀನಿ, ಸರ್ಕಾರ ಬಿದ್ದದ್ದು ನೋಡಿದ್ದೀನಿ. ನಾನು ಓದಿದ ಸುದ್ದಿ ಕೇಳಿ ಒಬ್ಬರು ಅಡುಗೆಮನೆಗೆ ಹೋಗಿ ಒಂದು ಬ್ಯಾರಲ್ ನೀರು ಹಿಡಿದಿಟ್ಟದ್ದು, ಅಷ್ಟು ನೇರವಾಗಿ ಸುದ್ದಿ ಕೆಲಸಕ್ಕೆ ಬಂದದ್ದು, ಅದಕ್ಕೆ ಸಮನಾದದ್ದು ನನಗೆ ಹೆಚ್ಚು ಸಿಕ್ಕಿಲ್ಲ.

ಆಮೇಲೆ ಏನಾಯಿತು? ಜನ ನಂಬಲು ಶುರು ಮಾಡಿದರು. ನಂಬಿದ ಕೂಡಲೇ ಸುದ್ದಿ ತಂದು ಕೊಡಲು ಶುರು ಮಾಡಿದರು. ಒಬ್ಬರು ನಮ್ಮ ಅಳಿಯನಿಗೆ ಸನ್ಮಾನ ಆಗ್ಯದ, ಹಾಕ್ರಿ ಅನ್ನೋರು. ಇನ್ನೊಬ್ಬರು ಕಿವಿಯಲ್ಲಿ, ಆ ರೇಷನ್ ಅಂಗಡಿಯವ ಸೀಮೆಎಣ್ಣೆ ಹೊರಗ ಮಾರ್ತಾನ, ಹೆಸರು ಹೇಳಿ ಓದ್ರಿ ಅನ್ನೋರು. ಯಾರು ಹೇಳಿದ್ರು? ಎಲ್ಲಾರೂ ಅಂತಾರ. ಅವರಿಗೆ ಹ್ಯಾಂಗ ಗೊತ್ತಾತು? ಉತ್ತರ ಇಲ್ಲ. ಹೆಸರು ಓದಲಿಲ್ಲ. ಬದಲಿಗೆ ಆ ತಿಂಗಳು ಒಂದು ಕಾರ್ಡಿಗೆ ಎಷ್ಟು ಲೀಟರ್ ಕೊಡಬೇಕು, ಯಾವ ದರಕ್ಕೆ ಕೊಡಬೇಕು ಅನ್ನೋದನ್ನು ಸರ್ಕಾರದ ಫಲಕ ನೋಡಿ ಬರೆದುಕೊಂಡು ಬಂದು ಓದಿದೆವು. ಆರೋಪ ಇಲ್ಲ, ಅಳತೆ ಇತ್ತು. ಮುಂದಿನ ವಾರ ಜನ ಅಂಗಡಿಯಲ್ಲಿ ಅದೇ ಅಳತೆ ಹೇಳಿ ಕೇಳುತ್ತಿದ್ದರು. ಪತ್ರಿಕೋದ್ಯಮದ ಪುಸ್ತಕದಲ್ಲಿ ಇದಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ. ನಮಗೆ ಅದು ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಸಿಕ್ಕಿತು.

ಇದರ ಗುಟ್ಟು ಎಲ್ಲಿದೆ ಹೇಳಿ? ರೇಡಿಯೋ ವಾರ್ತೆ ಹೇಗೆ ಶುರುವಾಗುತ್ತೆ ನೆನಪಿಸಿಕೊಳ್ಳಿ. 'ಆಕಾಶವಾಣಿ, ವಾರ್ತೆಗಳು, ಓದುತ್ತಿರುವವರು…' ಅಂತ. ಸುದ್ದಿಗಿಂತ ಮೊದಲು ಓದುವವರ ಹೆಸರು ಬರುತ್ತೆ. ನಮ್ಮ ವಾರ್ತೆಯಲ್ಲಿ ಆ ಹೆಸರಿನ ಮನುಷ್ಯ ಅದೇ ಪಂಕ್ತಿಯಲ್ಲಿ ಕೂತು ಜುಣಕಾ ತಿನ್ನುತ್ತಿರುತ್ತಿದ್ದ. ಸುಳ್ಳು ಹೇಳಿದರೆ ಕೇಳುವವರು ಕಾಗದ ಬರೆಯಬೇಕಿಲ್ಲ, ಕೈ ಚಾಚಿದರೆ ಕಾಲರ್ ಸಿಗುತ್ತೆ. ನಡೆದು ಹೋಗುವಷ್ಟು ಹತ್ತಿರದಲ್ಲಿರುವ ಜನರಿಗೆ ಸುದ್ದಿ ಹೇಳೋದಕ್ಕಿಂತ ಕಟ್ಟುನಿಟ್ಟಾದ ಪತ್ರಿಕೋದ್ಯಮ ಇನ್ನೊಂದಿಲ್ಲ. ದೂರ ಹೆಚ್ಚಾದಷ್ಟೂ ಸಡಿಲ ಆಗುತ್ತೆ. ಇದು ನನ್ನ ವೃತ್ತಿಯನ್ನೂ ಸೇರಿಸಿ ಹೇಳುತ್ತಿರುವ ಮಾತು.

ಈಗ ಕಾನೂನಿಗೆ ಬರೋಣ.

1995ರಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ತೀರ್ಪು ಕೊಟ್ಟಿತು. ತರಂಗಾಂತರಗಳು ಸಾರ್ವಜನಿಕರ ಸ್ವತ್ತು, ಸರ್ಕಾರದ ಖಾಸಗಿ ಜಮೀನಲ್ಲ ಅನ್ನೋದು ಅದರ ಸಾರ. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಸಮುದಾಯ ಬಾನುಲಿ ತೆರೆಯಲು ಅವಕಾಶ ಬಂತು. 2006ರಲ್ಲಿ ಸರ್ಕಾರೇತರ ಸಂಸ್ಥೆಗಳಿಗೂ ಬಂತು. 2007ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ತನ್ನದೇ ಸಮುದಾಯ ಬಾನುಲಿ ಆರಂಭಿಸಿತು. ರೈತರಿಗೆ ಬೀಜ, ರೋಗ, ಮಳೆ ಅಂತ ಅದು ಮಾಡಿಕೊಂಡು ಬಂದ ಕೆಲಸ ಚೆನ್ನಾಗಿದೆ. ಹುಬ್ಬಳ್ಳಿಗೆ ಖಾಸಗಿ ಎಫ್‌ಎಂ ಕೂಡ ಬಂತು. ನೂರು ವ್ಯಾಟಿನ ಪುಟ್ಟ ಪ್ರೇಷಕ, ಮೂವತ್ತು ಮೀಟರ್ ಕಂಬ, ಸುಮಾರು ಹತ್ತು ಕಿಲೋಮೀಟರ್ ವ್ಯಾಪ್ತಿ. ಸಮುದಾಯ ಬಾನುಲಿ ಅಂದರೆ ಇಷ್ಟೇ. ಅರ್ಧದಷ್ಟು ಕಾರ್ಯಕ್ರಮ ಆ ಊರಿನ ಜನರ ಜೊತೆ ಸೇರಿಯೇ ಮಾಡಬೇಕು ಅನ್ನೋ ನಿಯಮವೂ ಇದೆ. ನಮ್ಮ ಖಾನಾವಳಿ ವಾರ್ತೆಗೆ ಹೇಳಿ ಮಾಡಿಸಿದ ಜಾಗ ಅಲ್ವಾ?

ಅಲ್ಲ. ಯಾಕಂದ್ರೆ ಅಲ್ಲಿ ಸುದ್ದಿ ಓದುವ ಹಾಗಿಲ್ಲ. ಖಾಸಗಿ ಎಫ್‌ಎಂಗೂ ಇಲ್ಲ, ಸಮುದಾಯ ಬಾನುಲಿಗೂ ಇಲ್ಲ. ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಬಹುದು. ಅದರ ಹೊರತು ಕೆಲವನ್ನು 'ಇದು ಸುದ್ದಿಯಲ್ಲ' ಅಂತ ಹೆಸರಿಟ್ಟು ಬಿಟ್ಟಿದ್ದಾರೆ. ಟ್ರಾಫಿಕ್ಕು, ಹವಾಮಾನ, ಜಾತ್ರೆ-ಹಬ್ಬ, ಪರೀಕ್ಷೆಯ ಫಲಿತಾಂಶ, ಕೆಲಸಕ್ಕೆ ಅರ್ಜಿ. ಆಮೇಲೆ ವಿದ್ಯುತ್ತು, ನೀರು, ಪ್ರಕೃತಿ ವಿಕೋಪ, ಆರೋಗ್ಯದ ಎಚ್ಚರಿಕೆ. ಇವನ್ನು ಹೇಳಬಹುದು. ಹೇಗೆ? ಸ್ಥಳೀಯ ಆಡಳಿತ ಒದಗಿಸಿದ ಹಾಗೆ!

ಇದರ ಅರ್ಥ ನೋಡಿ. 'ಶುಕ್ರವಾರ ನೀರು ಬಿಡುತ್ತೇವೆ' ಅಂತ ಕಚೇರಿ ಹೇಳಿದರೆ ಅದನ್ನು ಓದಬಹುದು, ಅದು ಪ್ರಕಟಣೆ. 'ಟಾಕಿ ಅರ್ಧ ತುಂಬಿಲ್ಲ' ಅಂತ ವಾಲ್ವ್ ತಿರುಗಿಸುವವರು ಹೇಳಿದರೆ? ಅದು ಸುದ್ದಿ. ಓದುವ ಹಾಗಿಲ್ಲ. ಅಂದರೆ ಈ ನಿಯಮ ನಮ್ಮ ಸರ್ ಕೇಳಿದ ಮೊದಲ ಪ್ರಶ್ನೆಗೆ ಮಾತ್ರ ಜಾಗ ಕೊಟ್ಟಿದೆ. ಎರಡನೆಯ ಪ್ರಶ್ನೆಯನ್ನು ನಿಷೇಧಿಸಿದೆ. ಖಾನಾವಳಿಯ ಅಕ್ಕನಿಗೆ ಬೇಕಾದದ್ದು ಎರಡನೆಯದರ ಉತ್ತರ.

ಇನ್ನೊಂದು ಕಡೆ ನನ್ನನ್ನು ನೋಡಿ. ಉಪಗ್ರಹಕ್ಕೆ ಏರಿಸಿ ಬೀದರಿನಿಂದ ಚಾಮರಾಜನಗರದವರೆಗೆ, ದುಬೈವರೆಗೆ, ದಿನದ ಇಪ್ಪತ್ತನಾಲ್ಕು ಗಂಟೆ ಸುದ್ದಿ ಹೇಳೋಕೆ ನನಗೆ ಪರವಾನಗಿ ಇದೆ. ದೇಶದಲ್ಲಿ ನೂರಾರು ಸುದ್ದಿ ವಾಹಿನಿಗಳಿವೆ. ಪತ್ರಿಕೆಗಳಿಗೆ ತಡೆ ಇಲ್ಲ. ಹತ್ತು ಕಿಲೋಮೀಟರಿನ ರೇಡಿಯೋಗೆ ಮಾತ್ರ ತಡೆ. ಇದ್ಯಾವ ನ್ಯಾಯ?

ಸರ್ಕಾರದ ವಾದವನ್ನೂ ಹೇಳಬೇಕು. 'ಕಾಮನ್ ಕಾಸ್' ಸಂಸ್ಥೆ 2013ರಲ್ಲಿ ಈ ನಿಷೇಧವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿತು. ಭದ್ರತೆಯ ಆತಂಕ ಇದೆ, ಊರೂರಿನ ರೇಡಿಯೋಗಳ ಮೇಲೆ ಕಣ್ಣಿಡುವುದು ಕಷ್ಟ ಅನ್ನೋದು ಸರ್ಕಾರದ ಕಡೆಯ ಮಾತು. ತಳ್ಳಿಹಾಕುವ ಮಾತಲ್ಲ ಇದು. ಹುಬ್ಬಳ್ಳಿಯವರಿಗೆ ಗೊತ್ತು, ಗಾಳಿಮಾತು ಏನು ಮಾಡುತ್ತೆ ಅಂತ. 2022ರ ಏಪ್ರಿಲ್‌ನಲ್ಲಿ ಸಾಮಾಜಿಕ ಜಾಲತಾಣದ ಒಂದೇ ಒಂದು ಪೋಸ್ಟಿನ ಸುತ್ತ ಹಳೇ ಹುಬ್ಬಳ್ಳಿಯಲ್ಲಿ ಕಲ್ಲು ತೂರಾಟ ಆಯಿತು. ಆದರೆ ಆ ಪೋಸ್ಟು ಯಾವ ರೇಡಿಯೋದಲ್ಲೂ ಬಂದದ್ದಲ್ಲ. ಅದಕ್ಕೆ ಲೈಸೆನ್ಸ್ ಬೇಕಿರಲಿಲ್ಲ. ಗಾಳಿಮಾತಿಗೆ ಅನುಮತಿ ಬೇಡ, ಅದನ್ನು ಪರಿಶೀಲಿಸಿ ಹೇಳುವ ಮಾತಿಗೆ ಮಾತ್ರ ಅನುಮತಿ ಇಲ್ಲ! ವಿಳಾಸ ಇರುವ, ಲೈಸೆನ್ಸ್ ಸಂಖ್ಯೆ ಇರುವ, ಓದುವವರ ಹೆಸರು ಹೇಳುವ ರೇಡಿಯೋವನ್ನು ಹಿಡಿಯೋದು ಸುಲಭವೋ, ಹೆಸರಿಲ್ಲದೆ ಹತ್ತು ಸಾವಿರ ಮೊಬೈಲಿಗೆ ಹೋಗುವ ಸಂದೇಶವನ್ನು ಹಿಡಿಯೋದು ಸುಲಭವೋ? ನೀವೇ ಹೇಳಿ.

ಇನ್ನೊಂದು ದಿನ ನೆನಪಿದೆ. 2019ರ ಮಾರ್ಚ್ 19. ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿಯಿತು. ಹತ್ತೊಂಬತ್ತು ಜನ ಸತ್ತರು. ಕಾರ್ಯಾಚರಣೆ ದಿನಗಟ್ಟಲೆ ನಡೆಯಿತು. ದೂರದಲ್ಲಿದ್ದವರಿಗೆ ಬೇಕಾಗಿದ್ದು ಸತ್ತವರ ಸಂಖ್ಯೆ ಮತ್ತು ಯಾರು ಹೊಣೆ ಅನ್ನುವ ಚರ್ಚೆ. ಅದನ್ನು ನಾವು ಕೊಡಬಲ್ಲೆವು. ಬೀದಿಯಲ್ಲಿ ನಿಂತ ಬಂಧುಗಳಿಗೆ ಬೇಕಾಗಿದ್ದು ಬೇರೆ. ಹೊರಗೆ ತೆಗೆದವರು ಯಾರು, ಜಿಲ್ಲಾ ಆಸ್ಪತ್ರೆಗೆ ಒಯ್ದರೋ ಕಿಮ್ಸ್‌ಗೆ ಒಯ್ದರೋ, ಯಾವ ರಸ್ತೆ ಬಂದ್ ಆಗಿದೆ, ಯಾವ ಗುಂಪಿನ ರಕ್ತ ಬೇಕು. ಇಡೀ ರಾಜ್ಯಕ್ಕೆ ಮಾತಾಡುವ ವಾಹಿನಿ ಇಷ್ಟನ್ನೇ ಗಂಟೆಗಟ್ಟಲೆ ಓದುತ್ತಾ ಕೂರೋಕೆ ಆಗೋದಿಲ್ಲ. ಆಕಾಶವಾಣಿ ಧಾರವಾಡದ ಪ್ರದೇಶ ಸಮಾಚಾರವೂ ಉತ್ತರ ಕರ್ನಾಟಕದ ಅಷ್ಟೂ ಜಿಲ್ಲೆಗಳನ್ನು ಕೆಲವೇ ನಿಮಿಷದಲ್ಲಿ ಹೇಳಿ ಮುಗಿಸಬೇಕು. ಆ ಹೊತ್ತಿಗೆ ಬೇಕಾದದ್ದು ಒಂದು ಹತ್ತು ಕಿಲೋಮೀಟರಿನ ದನಿ. ಸ್ಥಳಕ್ಕೆ ಹೋಗಿ, ಕೇಳಿ, ಖಚಿತ ಮಾಡಿಕೊಂಡು, ಐದೈದು ನಿಮಿಷಕ್ಕೆ ಹೇಳುವ ದನಿ.

2023ರ ಸೆಪ್ಟೆಂಬರ್‌ನಲ್ಲಿ ಟ್ರಾಯ್ ಒಂದು ಶಿಫಾರಸು ಮಾಡಿತು. ಖಾಸಗಿ ಎಫ್‌ಎಂಗಳಿಗೆ ಪ್ರತಿ ಗಂಟೆಯಲ್ಲಿ ಹತ್ತು ನಿಮಿಷದವರೆಗೆ ಸುದ್ದಿ ಹೇಳಲು ಬಿಡಬಹುದು ಅಂತ. ಒಳ್ಳೆಯದು. ನನ್ನ ಬೇಡಿಕೆ ಇನ್ನೂ ಸಣ್ಣದು. ಮೊದಲು ಸಮುದಾಯ ಬಾನುಲಿಗೆ ದಿನಕ್ಕೆ ಐದು ನಿಮಿಷ ಕೊಡಿ. ಕಾಲೇಜು, ವಿಶ್ವವಿದ್ಯಾಲಯಗಳ ಕೇಂದ್ರಗಳಿಂದ ಶುರು ಮಾಡಿ. ಓದುವವರ ಹೆಸರು ಮೊದಲು ಹೇಳಬೇಕು ಅನ್ನೋ ಷರತ್ತು ಹಾಕಿ. ಧ್ವನಿಮುದ್ರಿಕೆಯನ್ನು ಮೂರು ತಿಂಗಳು ಕಾಪಾಡಬೇಕು ಅನ್ನಿ. ಸುಳ್ಳು ಹೇಳಿದರೆ ಕೇಳಿ, ಕಾನೂನು ಇದೆ. ಆದರೆ ಮೊದಲೇ ಬಾಯಿ ಕಟ್ಟಬೇಡಿ. ಒಬ್ಬ ಮೇಷ್ಟರನ್ನು ನಂಬಿದ್ದಕ್ಕೆ ನಮಗೆ 'ಆಕಾಶವಾಣಿ' ಅನ್ನೋ ಹೆಸರು ಸಿಕ್ಕಿತು. ಇನ್ನಷ್ಟು ಮೇಷ್ಟರನ್ನು, ಅವರ ಹುಡುಗರನ್ನು ನಂಬಿದರೆ ನಷ್ಟ ಏನು?

ಕೊನೆಯದಾಗಿ, ಈಗ ಪತ್ರಿಕೋದ್ಯಮ ಓದುತ್ತಿರುವ ಹುಡುಗ ಹುಡುಗಿಯರಿಗೆ ಒಂದು ಮಾತು. ನಿಮ್ಮ ಜೇಬಿನಲ್ಲಿರುವ ಫೋನು ನಮ್ಮ ಟೂ-ಇನ್-ವನ್‌ಗಿಂತ ನೂರು ಪಟ್ಟು ಒಳ್ಳೆಯ ಸ್ಟುಡಿಯೋ. ಸೆಲೆಬ್ರಿಟಿ ಸಂದರ್ಶನದ ಪಾಡ್‌ಕಾಸ್ಟ್ ಆಮೇಲೆ ಮಾಡಿ. ಮೊದಲು ನಿಮ್ಮ ವಾರ್ಡಿಗೆ ಐದು ನಿಮಿಷದ ವಾರ್ತೆ ಮಾಡಿ. ಐನೂರು ಪದ, ಎಂಟು ಸುದ್ದಿ. ಪ್ರತಿಯೊಂದಕ್ಕೂ ಆ ಎರಡು ಪ್ರಶ್ನೆ ಕೇಳಿಕೊಳ್ಳಿ. ನಿಮ್ಮ ಓಣಿಯ ಗುಂಪಿಗೆ ಕಳಿಸಿ, ನಿಮ್ಮ ಹೆಸರು ಹೇಳಿ ಕಳಿಸಿ. ಆಮೇಲೆ ಅದೇ ಓಣಿಯಲ್ಲಿ ನಡೆದುಕೊಂಡು ಹೋಗಿ. ತಲೆ ಎತ್ತಿಕೊಂಡು ಹೋಗುವ ಹಾಗಿದ್ದರೆ ನಿಮಗೆ ಈ ಕೆಲಸ ಬರುತ್ತೆ ಅಂತ ತಿಳಿಯಿರಿ. ಯಾವ ಪದವಿ ಪತ್ರವೂ ಇದಕ್ಕಿಂತ ದೊಡ್ಡದಲ್ಲ.